ಹಳೇ ಲ್ಯಾಪ್‌ಟಾಪ್ ರೀಸೆಟ್ ಮಾಡುವ ಮುಂಚೆ ಸಿ ಡ್ರೈವ್ ಜಾಲಾಡಿ

ತಿಪಟೂರಿನಲ್ಲಿ ಚಿಕ್ಕಮ್ಮನ ಲ್ಯಾಪ್‌ಟಾಪ್ ಆನ್ ಮಾಡಿದೆ. ಅವರು ಒಳಗೆ ಹೋಗಿ ಕಾಫಿ ಬೆರೆಸಿ ತಂದರು. ಕುಡಿದು ಲೋಟ ಕೆಳಗಿಟ್ಟರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇದ್ದವು. 2016ರಲ್ಲಿ ಕೊಂಡ ಯಂತ್ರ. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಹೈಸ್ಕೂಲ್ ಟೀಚರ್ ಆಗಿದ್ದಾಗ ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಅಂತ ತಗೊಂಡಿದ್ದರು. ನಿವೃತ್ತಿಯಾದ ಮೇಲೆ ಅದು ಮೊಮ್ಮಕ್ಕಳ ಪಾಲಾಯಿತು. ಗೇಮುಗಳು ಬಂದವು, ಒಂದರ ಜೊತೆ ಒಂದು ಜಗಳ ಆಡುವ ಎರಡು ಆಂಟಿವೈರಸ್ ಬಂದವು, ಯಾರೂ ಕರೆಯದ ನಾಲ್ಕಾರು ಟೂಲ್‌ಬಾರ್‌ಗಳೂ ಸೇರಿಕೊಂಡವು.

“ಗುಜರಿಗೆ ಹಾಕೋದೋ, ಇನ್ನೂ ಉಪಯೋಗಕ್ಕೆ ಬರುತ್ತೋ ನೋಡಪ್ಪ,” ಅಂದರು ಚಿಕ್ಕಮ್ಮ.

ಇಂಥ ಯಂತ್ರಕ್ಕೆ ಮೊದಲು ಮಾಡಿ ನೋಡಬೇಕಾದ ಮದ್ದು ಫ್ಯಾಕ್ಟರಿ ರೀಸೆಟ್, ಅಂದರೆ ಹಾಕಿಕೊಂಡಿದ್ದನ್ನೆಲ್ಲ ತೆಗೆದು ವಿಂಡೋಸನ್ನು ಮತ್ತೆ ಹೊಸದರಂತೆ ಮಾಡುವುದು. ಖರ್ಚಿಲ್ಲ, ಅಂಗಡಿಗೆ ಹೊರುವ ಕೆಲಸ ಇಲ್ಲ. ಒತ್ತಬೇಕಾದ ಬಟನ್‌ಗಳು ಏಳೆಂಟು ಅಷ್ಟೇ. ಆದರೆ ಒಂದು ಮಾತು. ಬಟನ್ ಒತ್ತುವುದು ಹತ್ತು ನಿಮಿಷದ ಕೆಲಸವಾದರೆ, ಅದಕ್ಕೂ ಮುಂಚಿನ ತಯಾರಿಗೆ ಒಂದು ದಿನ ಬೇಕು. ಈ ಲೇಖನದಲ್ಲೂ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಹುಡುಕಿ, ಆಮೇಲೆ ಕಾಪಿ ಮಾಡಿ

ಕೆಲವು ವರ್ಷಗಳ ಹಿಂದೆ ಭಾವನ ಕಂಪ್ಯೂಟರ್ ರೀಸೆಟ್ ಮಾಡಿಕೊಟ್ಟಿದ್ದೆ. “ಬೇಕಾದ್ದೆಲ್ಲ ಡಿ ಡ್ರೈವ್‌ನಲ್ಲಿದೆ, ಸಿ ಖಾಲಿ ಮಾಡು,” ಅಂದಿದ್ದರು. ನಾನೂ ಸುಮ್ನೆ ಹೂಂ ಅಂದೆ. ಮಾರನೇ ದಿನ ಫೋನ್ ಬಂತು. ಗೃಹಪ್ರವೇಶದ ಫೋಟೊಗಳು ಎಲ್ಲಿ ಅಂತ. ಅವು ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರ್‌ನಲ್ಲಿದ್ದವು. ಕಣ್ಣೆದುರೇ ಕಾಣುವ ಡೆಸ್ಕ್‌ಟಾಪ್ ಕೂಡ ವಿಂಡೋಸ್ ಇರುವ ಸಿ ಡ್ರೈವ್‌ನೊಳಗಿನ ಒಂದು ಫೋಲ್ಡರ್ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಕೇಳಲಿಲ್ಲ. ಅಕ್ಕ ಈಗಲೂ ಆ ವಿಷಯ ಎತ್ತುತ್ತಾಳೆ.

ಹಾಗಾಗಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ದೊಡ್ಡ ಪೆನ್ ಡ್ರೈವ್ ತಗೊಂಡು ಕೂರಿ. ಸಿ ಡ್ರೈವ್ ತೆರೆದು, ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರ್‌ಗೆ ಹೋಗಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲ ಅಲ್ಲೇ ಇರುತ್ತವೆ. ಐದನ್ನೂ ಇಡಿಯಾಗಿ ಕಾಪಿ ಮಾಡಿ. ಆರಿಸುತ್ತಾ ಕೂತರೆ ಸಂಜೆಯಾಗುತ್ತದೆ. ಡೌನ್‌ಲೋಡ್ಸ್ ಬರೀ ಕಸ ಅಂದುಕೊಳ್ಳಬೇಡಿ. ಚಿಕ್ಕಮ್ಮನ ಪಿಂಚಣಿ ಆದೇಶದ ಪಿಡಿಎಫ್ ನನಗೆ ಸಿಕ್ಕಿದ್ದು ಅಲ್ಲೇ, ಮೊಮ್ಮಗನ ಕಾರ್ ರೇಸ್ ಗೇಮಿನ ಪಕ್ಕದಲ್ಲಿ. ಮನೆಯಲ್ಲಿ ಇಬ್ಬರು ಮೂವರು ಬೇರೆ ಬೇರೆ ಹೆಸರಲ್ಲಿ ಲಾಗಿನ್ ಆಗುತ್ತಿದ್ದರೆ, ಅಷ್ಟೂ ಹೆಸರಿನ ಫೋಲ್ಡರ್ ನೋಡಬೇಕು.

ಈ ಐದರ ಹೊರಗೆ ಅಡಗಿರುವುದನ್ನು ಪತ್ತೆ ಮಾಡುವುದೇ ಕಷ್ಟ. ಟ್ಯಾಲಿ ಬಳಸುವವರ ಲೆಕ್ಕವೆಲ್ಲ ಟ್ಯಾಲಿಯದೇ ಡೇಟಾ ಫೋಲ್ಡರ್‌ನಲ್ಲಿರುತ್ತದೆ, ಡಾಕ್ಯುಮೆಂಟ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪರದೆ ಮೇಲೆ ಹಳದಿ ಚೀಟಿ ಅಂಟಿಸುವ ಸ್ಟಿಕಿ ನೋಟ್ಸ್ ಇದೆಯಲ್ಲ, ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿರದಿದ್ದರೆ ಅದೂ ಹೋಗುತ್ತದೆ. ಚಿಕ್ಕಮ್ಮ ಅದರಲ್ಲಿ ಗ್ಯಾಸ್ ಏಜೆನ್ಸಿ ನಂಬರಿನಿಂದ ಹಿಡಿದು ಮಾವಿನಕಾಯಿ ಗೊಜ್ಜಿನ ಅಳತೆವರೆಗೂ ಬರೆದಿಟ್ಟಿದ್ದರು. ಫೋನಿನಲ್ಲಿ ಫೋಟೊ ಹೊಡೆದುಕೊಂಡೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್‌ಗಳಿಗೆ, ಕ್ರೋಮ್‌ನಲ್ಲಿ ಗೂಗಲ್ ಖಾತೆಗೆ ಸಿಂಕ್ ಆಗಿದೆಯಾ ನೋಡಿ. ವೈಫೈ ಪಾಸ್‌ವರ್ಡ್ ಕಾಗದದಲ್ಲಿ ಬರೆದುಕೊಳ್ಳಿ. ಎಂಎಸ್ ಆಫೀಸ್ ಯಾವ ಇಮೇಲ್ ಹೆಸರಿನಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ. ಹಳೇ ಸಿಡಿಯಿಂದ ಹಾಕಿದ ಆಫೀಸ್ ಆದರೆ ಅದರ ಕೀ ಇರುವ ಡಬ್ಬಿ ಸಿಗುತ್ತಾ ಹುಡುಕಿ. ಡಬ್ಬಿ ಇಲ್ಲ ಅಂದರೆ ಆ ಆಫೀಸ್ ವಾಪಸ್ ಬರುತ್ತದೆ ಅನ್ನುವ ಆಸೆ ಬಿಡಿ. ಅದೇ ಕೆಲಸ ಮಾಡುವ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ.

ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಎಷ್ಟು ಫೈಲ್ ಅನ್ನುವ ಲೆಕ್ಕ ತಾಳೆಯಾಗಬೇಕು. ಆಮೇಲೆ ಆ ಡಿಸ್ಕನ್ನು ಬೇರೆ ಯಾವುದಾದರೂ ಕಂಪ್ಯೂಟರ್‌ಗೆ ಚುಚ್ಚಿ ನಾಲ್ಕು ಫೈಲ್ ತೆರೆಯಿರಿ. ಈ ಎರಡನೇ ಕೆಲಸವನ್ನು ಯಾರೂ ಮಾಡುವುದಿಲ್ಲ. ನಾನು ಅವತ್ತು ಮಾಡಿದ್ದರಿಂದಲೇ ಮುಂದಿನ ವಿಷಯ ಗೊತ್ತಾಯಿತು.

ನುಡಿ, ಬರಹದಲ್ಲಿ ಟೈಪ್ ಮಾಡಿದವರಿಗೆ

ಚಿಕ್ಕಮ್ಮನ ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯೊಂದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಕನ್ನಡವೇ ಇಲ್ಲ! ‘ಕನ್ನಡ’ ಅಂತ ಇರಬೇಕಾದ ಕಡೆ ಮೊದಲು ಒಂದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಹೊತ್ತ ಎ, ‘ನ’ ಇರುವಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಚಿಕ್ಕಮ್ಮ, “ಅಯ್ಯೋ, ಇದ್ಯಾವ ಭಾಷೆಯೋ?” ಅಂದರು.

ಫೈಲ್ ಕೆಟ್ಟಿರಲಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳೂ ಹೀಗೆಯೇ, ‘ಬರಹ’ ತಂತ್ರಾಂಶದ ‘ಬಿಆರ್‌ಎಚ್’ ಫಾಂಟ್‌ಗಳೂ ಹೀಗೆಯೇ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ರೀಸೆಟ್ ಮಾಡಿದರೆ ನೀವು ಹಾಕಿಕೊಂಡ ಫಾಂಟ್‌ಗಳೆಲ್ಲ ಹೋಗುತ್ತವೆ. ಆಗ ಇಪ್ಪತ್ತು ವರ್ಷದ ಬರವಣಿಗೆ ಪೂರ್ತಿ ಪಿ ಮತ್ತು ಪೌಂಡ್ ಆಗಿಬಿಡುತ್ತದೆ. ಎಷ್ಟೋ ಜನ ಫೈಲ್‌ಗೇ ವೈರಸ್ ಬಂತು ಅಂದುಕೊಂಡು ಅಳಿಸಿಬಿಡುತ್ತಾರೆ.

ಪರಿಹಾರ ಸುಲಭ. ಸಿ ಡ್ರೈವ್‌ನ ‘ವಿಂಡೋಸ್’ ಒಳಗೆ ‘ಫಾಂಟ್ಸ್’ ಅಂತ ಇದೆ. ಅಲ್ಲಿ ನುಡಿ, ಬಿಆರ್‌ಎಚ್ ಅಂತ ಶುರುವಾಗುವುದನ್ನೆಲ್ಲ ಆರಿಸಿ, ಕಾಪಿ ಮಾಡಿ, ಪೆನ್ ಡ್ರೈವ್‌ನಲ್ಲಿ ಒಂದು ಫೋಲ್ಡರ್‌ಗೆ ಹಾಕಿಕೊಳ್ಳಿ. ರೀಸೆಟ್ ಆದ ಮೇಲೆ ಎಲ್ಲವನ್ನೂ ಒಟ್ಟಿಗೆ ಆರಿಸಿ ರೈಟ್ ಕ್ಲಿಕ್, ‘ಇನ್‌ಸ್ಟಾಲ್’. ಅಷ್ಟೇ.

ಇನ್ನು ಬಟನ್ ಒತ್ತಬಹುದು

ಚಾರ್ಜರ್ ಚುಚ್ಚಿ. ಬರೀ ಬ್ಯಾಟರಿಯಲ್ಲಿ ವಿಂಡೋಸ್ ರೀಸೆಟ್‌ಗೆ ಒಪ್ಪುವುದೂ ಇಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ, ಕರೆಂಟ್ ಹೋಗಿ ಬರುವ ಹೊತ್ತು ಯಾವುದು ಅಂತ ನಿಮ್ಮೂರಿನವರಾದ ನಿಮಗೇ ಗೊತ್ತಿರುತ್ತದೆ. ಆ ಹೊತ್ತು ತಪ್ಪಿಸಿ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷ ತಡೆಯುತ್ತದೆ, ಇದು ಗಂಟೆಗಟ್ಟಲೆ ಕೆಲಸ. ಪ್ರಿಂಟರ್ ವೈರ್ ಕೀಳಿ. ಬ್ಯಾಕಪ್ ಮಾಡಿದ ಡಿಸ್ಕನ್ನಂತೂ ಕಿತ್ತು ಇನ್ನೊಂದು ಕೋಣೆಯಲ್ಲಿಡಿ.

ಸ್ಟಾರ್ಟ್ ಒತ್ತಿ, ಹಲ್ಲುಚಕ್ರದ ಗುರುತಿನ ‘ಸೆಟ್ಟಿಂಗ್ಸ್’ಗೆ ಹೋಗಿ. ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ರಿಕವರಿ’. ‘ರೀಸೆಟ್ ದಿಸ್ ಪಿಸಿ’ ಕೆಳಗೆ ‘ಗೆಟ್ ಸ್ಟಾರ್ಟೆಡ್’ ಒತ್ತಿ. ವಿಂಡೋಸ್ 11 ಇದ್ದವರು ‘ಸಿಸ್ಟಮ್’ ಒಳಗೆ ‘ರಿಕವರಿ’ ಹುಡುಕಬೇಕು.

ಮೊದಲ ಪ್ರಶ್ನೆ, ಫೈಲ್ ಇಟ್ಟುಕೊಳ್ಳಬೇಕೋ, ಎಲ್ಲ ತೆಗೆಯಬೇಕೋ. ‘ಕೀಪ್ ಮೈ ಫೈಲ್ಸ್’ ಅಂದರೆ ನಿಮ್ಮ ಫೈಲ್‌ಗಳು ಉಳಿಯುತ್ತವೆ, ನೀವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಏನೇನು ಹೋಯಿತು ಅನ್ನುವ ಪಟ್ಟಿಯನ್ನೂ ಡೆಸ್ಕ್‌ಟಾಪ್ ಮೇಲೆ ಇಟ್ಟಿರುತ್ತದೆ. ‘ರಿಮೂವ್ ಎವ್ರಿಥಿಂಗ್’ ಅಂದರೆ ಎಲ್ಲವೂ ಹೋಗುತ್ತದೆ. ಬ್ಯಾಕಪ್ ಸರಿಯಾಗಿ ಆಗಿದ್ದರೆ ನನ್ನ ಓಟು ಎರಡನೆಯದಕ್ಕೆ. ಅರ್ಧಂಬರ್ಧ ಗುಡಿಸಿದ ಮನೆ ಯಾರಿಗೆ ಬೇಕು, ಅಲ್ವಾ?

ಎರಡನೇ ಪ್ರಶ್ನೆ, ‘ಕ್ಲೌಡ್ ಡೌನ್‌ಲೋಡ್’ ಅಥವಾ ‘ಲೋಕಲ್ ರೀಇನ್‌ಸ್ಟಾಲ್’. ಮೊದಲನೆಯದು ವಿಂಡೋಸನ್ನು ಹೊಸದಾಗಿ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. 4 ಜಿಬಿಗೂ ಜಾಸ್ತಿ ಡೇಟಾ ಬೇಕಾಗಬಹುದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನ ಫೋನ್ ಹಾಟ್‌ಸ್ಪಾಟ್ ನಂಬಿಕೊಂಡು ಇದಕ್ಕೆ ಕೈ ಹಾಕಬೇಡಿ. ಎರಡನೆಯದು ಕಂಪ್ಯೂಟರ್‌ನಲ್ಲೇ ಇರುವ ಫೈಲ್‌ಗಳಿಂದ ವಿಂಡೋಸನ್ನು ಮತ್ತೆ ಕಟ್ಟುತ್ತದೆ. ನೆಟ್ ಬೇಡ. ಆದರೆ ಆ ಫೈಲ್‌ಗಳೇ ಹಾಳಾಗಿದ್ದರೆ ಅರ್ಧಕ್ಕೆ ಕೈಕೊಡುತ್ತದೆ. ಬ್ರಾಡ್‌ಬ್ಯಾಂಡ್ ಇದ್ದವರು ಕ್ಲೌಡ್ ಆರಿಸಿ.

ಆಮೇಲೆ ಬರುವ ‘ಚೇಂಜ್ ಸೆಟ್ಟಿಂಗ್ಸ್’ ಅನ್ನುವ ಸಣ್ಣ ಅಕ್ಷರ ನೋಡದೆ ಮುಂದೆ ಹೋಗಬೇಡಿ. ಎಲ್ಲ ಡ್ರೈವ್ ಅಳಿಸಬೇಕಾ, ವಿಂಡೋಸ್ ಇರುವುದನ್ನು ಮಾತ್ರವಾ ಅಂತ ಕೇಳುವುದು ಇಲ್ಲೇ. ಡಿ ಡ್ರೈವ್ ಉಳಿಯಬೇಕಾದರೆ ಇದನ್ನು ಸರಿಯಾಗಿ ನೋಡಿ. ‘ಕ್ಲೀನ್ ಡೇಟಾ’ ಅನ್ನುವುದೂ ಇಲ್ಲೇ ಇದೆ. ಮಾಮೂಲಿಯಾಗಿ ಅಳಿಸಿದ ಫೈಲನ್ನು ಸಾಫ್ಟ್‌ವೇರ್ ಹಾಕಿ ಮೇಲೆತ್ತಬಹುದು. ಇದನ್ನು ಆನ್ ಮಾಡಿದರೆ ಹಾಗೆ ಎತ್ತುವುದು ಕಷ್ಟವಾಗುತ್ತದೆ. ಯಂತ್ರ ನಿಮ್ಮಲ್ಲೇ ಇರುವುದಾದರೆ ಬೇಡ, ಸುಮ್ನೆ ಹೊತ್ತು ಹಾಳು. ಮಾರುವುದಾದರೆ, ಯಾರಿಗಾದರೂ ಕೊಡುವುದಾದರೆ ಆನ್ ಮಾಡಿ ರಾತ್ರಿ ಬಿಟ್ಟು ಮಲಗಿ.

ಕೊನೆಗೆ ‘ರೀಸೆಟ್’. ಇನ್ನು ಮುಟ್ಟಬೇಡಿ. ಚಿಕ್ಕಮ್ಮನ ಯಂತ್ರ 60 ಚಿಲ್ಲರೆ ಪರ್ಸೆಂಟ್‌ಗೆ ಬಂದು ಮುಕ್ಕಾಲು ಗಂಟೆ ನಿಂತುಬಿಟ್ಟಿತು. ನನ್ನ ಬೆರಳು ಪವರ್ ಬಟನ್ ತನಕ ಹೋಗಿತ್ತು. ಆದರೆ ಪಕ್ಕದಲ್ಲಿ ಹಾರ್ಡ್ ಡಿಸ್ಕಿನ ಪುಟ್ಟ ದೀಪ ಮಿಣಮಿಣ ಅನ್ನುತ್ತಿತ್ತು. ದೀಪ ಮಿಣುಕುತ್ತಿದೆ ಅಂದರೆ ಒಳಗೆ ಕೆಲಸ ನಡೆಯುತ್ತಿದೆ. ಕಾಯಿರಿ. ನಡುವೆ ಎರಡು ಮೂರು ಸಲ ತಾನೇ ಆಫ್ ಆಗಿ ಆನ್ ಆದರೂ ಗಾಬರಿ ಬೇಡ. ನಮ್ಮದು ಮುಗಿಯುವಷ್ಟರಲ್ಲಿ ಊಟ ಆಗಿ, ಒಂದು ನಿದ್ದೆಯೂ ಆಗಿತ್ತು.

ವಿಂಡೋಸೇ ತೆರೆಯದಿದ್ದರೆ

ಪಾಸ್‌ವರ್ಡ್ ಮರೆತಿದ್ದರೆ, ಲಾಗಿನ್ ಪರದೆಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ‘ರೀಸ್ಟಾರ್ಟ್’ ಒತ್ತಿ. ನೀಲಿ ಪರದೆ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ಅದೇ ‘ರೀಸೆಟ್ ದಿಸ್ ಪಿಸಿ’. ಕೆಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಅಂತ, ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದಂತೆ ಹಾಕಿದ ಬೀಗ ಇರುತ್ತದೆ. ಆಗ 48 ಅಂಕಿಯ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ, ಫೋನಿನಿಂದಲೂ ನೋಡಬಹುದು.

ವಿಂಡೋಸ್ 7ರ ಕಾಲದ ಯಂತ್ರಗಳಲ್ಲಿ ಈ ರೀಸೆಟ್ ಇಲ್ಲ. ಅವುಗಳಲ್ಲಿ ಕಂಪನಿಯವರು ಡಿಸ್ಕಿನ ಒಂದು ಮೂಲೆಯಲ್ಲಿ ಬಚ್ಚಿಟ್ಟ ರಿಕವರಿ ಭಾಗ ಇರುತ್ತಿತ್ತು. ಆನ್ ಮಾಡಿದ ಕೂಡಲೇ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಏಸಸ್‌ನಲ್ಲಿ ಎಫ್9 ಒತ್ತಿ ನೋಡಿ. ಲೆನೊವೊದ ಎಷ್ಟೋ ಮಾಡೆಲ್‌ಗಳಲ್ಲಿ ಅಂಚಿನಲ್ಲಿ ‘ನೋವೊ’ ಅನ್ನುವ ಪುಟ್ಟ ಬಟನ್ ಇರುತ್ತದೆ. ಇದರಿಂದ ಬರುವುದು ಅಂಗಡಿಯಿಂದ ತಂದ ದಿನದ ವಿಂಡೋಸ್. ಜೊತೆಗೆ ಅವತ್ತು ಬೇಡವಾಗಿದ್ದ ಟ್ರಯಲ್ ಆಂಟಿವೈರಸ್ ಕೂಡ.

ಇದ್ಯಾವುದೂ ಆಗದಿದ್ದರೆ 8 ಜಿಬಿಯ ಖಾಲಿ ಪೆನ್ ಡ್ರೈವ್ ತಗೊಂಡು, ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನವರ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿ ವಿಂಡೋಸ್ ಹಾಕುವ ಡ್ರೈವ್ ಮಾಡಿಕೊಳ್ಳಬೇಕು. ಕೀ ಕೇಳಿದರೆ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ ಮುಂದೆ ಹೋಗಿ. ಅಸಲಿ ವಿಂಡೋಸ್ 10 ಒಮ್ಮೆ ಆ್ಯಕ್ಟಿವೇಟ್ ಆಗಿದ್ದ ಯಂತ್ರ, ಮತ್ತೆ ಅದೇ ಎಡಿಷನ್ ಹಾಕಿ ನೆಟ್‌ಗೆ ಜೋಡಿಸಿದಾಗ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಹೊಸ ಪರದೆ ಬಂದ ಮೇಲೆ

ಯಾವ ದೇಶ ಅಂತ ಕೇಳುವ ಮೊದಲ ಪರದೆ ಬಂತಾ? ಯಂತ್ರ ಬೇರೆಯವರಿಗೆ ಕೊಡುವುದಾದರೆ ಇಲ್ಲಿಗೇ ಪವರ್ ಬಟನ್ ಒತ್ತಿ ಆಫ್ ಮಾಡಿ. ಮುಂದಿನದು ಅವರ ಕೆಲಸ.

ನೀವೇ ಇಟ್ಟುಕೊಳ್ಳುವುದಾದರೆ, ಕೀಬೋರ್ಡ್ ಕೇಳಿದಾಗ ‘ಯುನೈಟೆಡ್ ಕಿಂಗ್‌ಡಮ್’ ಆರಿಸಬೇಡಿ. ಅದರಲ್ಲಿ ‘ಅಟ್’ ಗುರುತು ಮತ್ತು ಉದ್ಧರಣ ಚಿಹ್ನೆ ಜಾಗ ಬದಲಾಯಿಸಿಕೊಂಡಿರುತ್ತವೆ. ಇಮೇಲ್ ಟೈಪ್ ಮಾಡುವಾಗ ತಲೆ ಕೆಟ್ಟುಹೋಗುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಪೂರ್ತಿ ಆಗಲಿ, ಪ್ರಿಂಟರ್‌ನಂಥದ್ದರ ಡ್ರೈವರ್ ಬಹುಪಾಲು ಅದರಲ್ಲೇ ಬರುತ್ತದೆ. ಬೇರೆ ಆಂಟಿವೈರಸ್ ಹಾಕಬೇಡಿ, ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು.

ಕನ್ನಡಕ್ಕೆ ‘ಟೈಮ್ ಅಂಡ್ ಲ್ಯಾಂಗ್ವೇಜ್’ನಲ್ಲಿ ಕನ್ನಡ ಸೇರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಟೈಪ್ ಮಾಡಿದರೆ ಕನ್ನಡ ಮೂಡುವ ಫೊನೆಟಿಕ್ ಕೀಬೋರ್ಡೂ ಇದೆ. ಆದರೆ ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿರುವ ಕೀಲಿಮಣೆಗೆ ಕೈ ಪಳಗಿದವರಿಗೆ ಅದು ಒಗ್ಗುವುದಿಲ್ಲ. ಅವರು ನುಡಿಯನ್ನೇ ಮತ್ತೆ ಹಾಕಿಕೊಳ್ಳುವುದು ಒಳ್ಳೇದು.

ಇನ್ನೊಂದು ಕಹಿ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ ಭದ್ರತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಅಂತ ವ್ಯವಸ್ಥೆ ಮಾಡಿದ್ದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಜೊತೆಗೆ ಹೊಸ ಪೀಳಿಗೆಯ ಪ್ರೊಸೆಸರ್ ಬೇಕು, 2016ರ ಲ್ಯಾಪ್‌ಟಾಪ್‌ಗೆ ಅದು ಎಟುಕುವುದಿಲ್ಲ. ಅಪ್‌ಡೇಟ್ ಬಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಟೈಪಿಂಗ್, ಫೋಟೊ, ಹಾಡಿಗೆ ಇಟ್ಟುಕೊಳ್ಳಿ, ಇಲ್ಲವೇ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿ. ದುಡ್ಡು ಹಾಕುವ ಮನಸ್ಸಿದ್ದರೆ ಹಳೇ ಹಾರ್ಡ್ ಡಿಸ್ಕ್ ತೆಗೆಸಿ, ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಹಾಕಿಸಿ. ವೇಗಕ್ಕೆ ರೀಸೆಟ್‌ಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ಚಿಕ್ಕಮ್ಮನ ಲ್ಯಾಪ್‌ಟಾಪ್ ಈಗ ಒಂದೂವರೆ ನಿಮಿಷಕ್ಕೆ ತೆರೆಯುತ್ತದೆ. ಫಾಂಟ್ ಹಾಕಿ ಅದೇ ಪ್ರಶ್ನೆಪತ್ರಿಕೆ ತೆರೆದು ತೋರಿಸಿದೆ. ಕನ್ನಡಕ ಏರಿಸಿ ಓದಿದರು. ನಾಲ್ಕನೇ ಪ್ರಶ್ನೆಯಲ್ಲಿ ಒಂದು ಒತ್ತಕ್ಷರ ತಪ್ಪಿತ್ತು ಅಂತ ಆಗ ಕಂಡಿತು, ಅಲ್ಲೇ ಕೂತು ತಿದ್ದಿದರು. ಬ್ಯಾಕಪ್ ಡಿಸ್ಕನ್ನು ಒಂದು ತಿಂಗಳಾದರೂ ಅಳಿಸಬೇಡಿ ಅಂತ ಹೇಳಿ ಬಂದಿದ್ದೇನೆ. ಅದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿದೆ.