ಮರದ ಲೆಕ್ಕ ಯಾರ ಜವಾಬ್ದಾರಿ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕೃಷಿ ಸಹಕಾರಿ ಸಂಘದ ಕಂಪ್ಯೂಟರ್ ಕೆಲಸ ನನ್ನದು. ನಮ್ಮಲ್ಲಿ ಒಬ್ಬರೇ ಸದಸ್ಯರಿಗೆ ಮೂರು ಹೆಸರು. ಸಂಘದ ಪುಸ್ತಕದಲ್ಲಿ ಕನ್ನಡದ ನಾರಾಯಣ, ಜಾಗದ ತೆರಿಗೆ ರಶೀದಿಯಲ್ಲಿ ಮಲಯಾಳದ ನಾರಾಯಣನ್, ಆಧಾರ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಕಂಪ್ಯೂಟರಿಗೆ ಅವರು ಮೂರು ಜನ!

ಯಾವ ಮಾಹಿತಿಯನ್ನು ಯಾರು, ಹೇಗೆ ನೋಡಿಕೊಳ್ಳಬೇಕು ಎಂಬ ವ್ಯವಸ್ಥೆಗೆ ಡೇಟಾ ಗವರ್ನೆನ್ಸ್ ಅನ್ನುತ್ತಾರೆ. ಅದೆಂದರೆ ಬೀಗ ಹಾಕುವುದು ಎಂದೇ ನಾನು ಮೊದಲು ತಿಳಿದಿದ್ದೆ. ಯಾವ ಪಟ್ಟಿ ಬೇಕಾದರೂ ನನ್ನ ಒಪ್ಪಿಗೆ ಬೇಕಿತ್ತು. ಎರಡು ತಿಂಗಳಲ್ಲಿ ಕೌಂಟರಿನವರು ತಮ್ಮದೇ ನೋಟ್‌ಬುಕ್ ಇಟ್ಟುಕೊಂಡರು. ಅದು ಅವರ ತಪ್ಪಲ್ಲ. ಎದುರಿಗೆ ಕೃಷಿಕರು ಕಾಯುತ್ತಿರುವಾಗ ಅವರು ಇನ್ನೇನು ಮಾಡಬೇಕು?

ಗೊಬ್ಬರದ ಗೋದಾಮು ನೋಡುವ ಹುಡುಗ ಒಂದು ಯೋಚನೆ ತಂದ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮೊದಲೇ ಬೋರ್ಡೋ ದ್ರಾವಣ ಬಿಡಬೇಕು, 40-45 ದಿನಕ್ಕೆ ಇನ್ನೊಮ್ಮೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮರ ಹತ್ತುವವರು ಸಿಗುವುದೇ ಕಷ್ಟ. ಯಾರ ತೋಟದಲ್ಲಿ ಎಷ್ಟು ಮರ ಅಂತ ಗೊತ್ತಿದ್ದರೆ ಮೈಲುತುತ್ತು ಮೊದಲೇ ತರಿಸಬಹುದು, ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ಮದ್ದು ಬಿಡುವವರಿಗೆ ಸರದಿ ಹಾಕಬಹುದು. ಪಟ್ಟಿ ಕೊಡಲು ನಾನು ಮೂರು ವಾರ ಮಾಡಿದೆ. ಅಷ್ಟರಲ್ಲಿ ಮಳೆ ಬಂತು.

ಅವನ ಮುಖ ನೋಡಿದ ಮೇಲೆ ಬೀಗ ತೆಗೆದೆ. ಎಲ್ಲರೂ ಒಟ್ಟಿಗೆ ಕೂತೆವು. ಪಟ್ಟಿಯ ಒಂದೊಂದು ಅಂಕಣಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದು ತಪ್ಪಾದರೆ ಮೊದಲು ಪೇಚಾಡುವವರು ಯಾರು? ಅದರ ಜವಾಬ್ದಾರಿ ಅವರಿಗೇ ಹೋಯಿತು. ಮರದ ಲೆಕ್ಕದಲ್ಲಿ ಜಾಸ್ತಿ ಚರ್ಚೆ ಆಯಿತು. ಸಾಲದ ವಿಭಾಗ ಸಸಿಯನ್ನೂ ಎಣಿಸುತ್ತದೆ, ಮದ್ದು ಬಿಡುವವರಿಗೆ ಫಲ ಕೊಡುವ ಮರ ಮಾತ್ರ ಸಾಕು. ಇಬ್ಬರೂ ಸರಿಯೇ, ಅಲ್ವಾ? ಎರಡು ಅಂಕಣ ಮಾಡಿದೆವು. ಹೆಸರಿನ ಗೊಂದಲಕ್ಕೆ ಸದಸ್ಯ ಸಂಖ್ಯೆಯನ್ನೇ ಹಿಡಿದೆವು. ಮೂರು ಬರಹವೂ ಅದರ ಕೆಳಗೆ ಇರಲಿ ಎಂದೆವು.

ಫೋನ್ ನಂಬರ್ ಬೇರೆಯೇ ಕಥೆ. ಎಷ್ಟೋ ಮನೆಗಳದ್ದು ಗಲ್ಫ್‌ನಲ್ಲಿರುವ ಮಗನ ನಂಬರ್. ಸರದಿಯ ಸಂದೇಶ ದುಬೈಗೆ ಹೋಗುತ್ತಿತ್ತು, ತೋಟದಲ್ಲಿರುವ ಅಮ್ಮನಿಗೆ ಗೊತ್ತೇ ಆಗುತ್ತಿರಲಿಲ್ಲ. ಯಾತಕ್ಕೆ ಬೇಕು ಅಂತ ಹೇಳಿ, ಒಪ್ಪಿಗೆ ಪಡೆದು, ಹೊಸದಾಗಿ ನಂಬರ್ ಬರೆದುಕೊಂಡೆವು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಗಡಿಯ ಈಚೆ ಇರುವ ನಮಗೆ ಇದು ಸಣ್ಣ ವಿಷಯ ಅಲ್ಲ. ಕನ್ನಡದಲ್ಲಿ ಓದಿದ ಮೇಲೆ ಹಿರಿಯರು ನಮ್ಮನ್ನು ಪ್ರಶ್ನೆ ಕೇಳಲು ಶುರು ಮಾಡಿದರು.

ತಪ್ಪು ತೋರಿಸಿದರೆ ಬೈಗುಳ ಸಿಗುತ್ತದೆ ಎಂಬ ಭಯ ಮಾತ್ರ ಬೇಗ ಹೋಗಲಿಲ್ಲ. ಒಂದು ದಿನ ಅಧ್ಯಕ್ಷರೇ ಕೌಂಟರಿಗೆ ಬಂದು, "ನನ್ನ ತೋಟದ ಲೆಕ್ಕ ತಪ್ಪಿದೆ ಅಕ್ಕ, ತಿದ್ದಿ" ಎಂದರು. ಆಮೇಲೆ ಉಳಿದವರೂ ಬಾಯಿ ಬಿಟ್ಟರು.

ಮುಂದಿನ ಮೇ ತಿಂಗಳಲ್ಲಿ ದೋಟಿಯವರ ಸರದಿ ಪಟ್ಟಿ ಗೋಡೆಗೆ ಬಂತು. ಈಗ ಗೋದಾಮಿನ ಹುಡುಗ ಕರಿಮೆಣಸಿನ ಬಳ್ಳಿಗೂ ಒಂದು ಅಂಕಣ ಕೇಳುತ್ತಿದ್ದಾನೆ. ಅದನ್ನು ಸರಿಯಾಗಿ ಇಡುವವರು ಯಾರು ಎಂದು ಕೇಳಿದೆ. "ನಾನೇ" ಅಂದ.