ನಡುಕ ನಿಂತಿತೆಂದರೆ ಎಚ್ಚರ: ಥಂಡಿ ಹೊಡೆದವರನ್ನು ಉಳಿಸಿಕೊಳ್ಳುವುದು ಹೇಗೆ?

ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಬೀದರ್‌ನಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು ಹೊಸದೇನಲ್ಲ. ಊರು ಇರುವುದೇ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಬಯಲಿನ ಮೇಲೆ. ಉತ್ತರದ ಒಣಗಾಳಿಗೆ ಅಡ್ಡವೇ ಇಲ್ಲ. ಆದರೂ ‘ನಮ್ದು ಬಿಸಿಲ ನಾಡು, ಥಂಡಿಗೆ ಯಾರ್ ಸಾಯ್ತಾರ್ರೀ’ ಎನ್ನುವವರಿಗೆ ಕಡಿಮೆಯಿಲ್ಲ. ಥಂಡಿ ಜೀವ ತೆಗೆಯಲು ಹಿಮ ಬೀಳಬೇಕೆಂದೇನಿಲ್ಲ. ಒದ್ದೆ ಬಟ್ಟೆ, ಗಾಳಿ, ಖಾಲಿ ಹೊಟ್ಟೆ ಮೂರೂ ಕೂಡಿದರೆ 10 ಡಿಗ್ರಿಯೇ ಸಾಕು.

ರಾತ್ರಿ ಪಾಳಿಯ ಕರೆಂಟಿಗೆ ಕಾದು ಕಬ್ಬಿಗೆ, ಕಡಲೆಗೆ ನೀರು ಬಿಡುವವರು, ತೊಗರಿ ರಾಶಿ ಕಾಯುವವರು, ಗುಡಿಸಲು ಹಾಕಿಕೊಂಡ ಕಬ್ಬು ಕಡಿಯುವ ತಂಡದವರು ಮೊದಲು ಸಿಕ್ಕಿಬೀಳುತ್ತಾರೆ. ಮನೆಯೊಳಗಾದರೆ ವಯಸ್ಸಾದವರು ಮತ್ತು ಎಳೆಗೂಸುಗಳು.

ಗುರುತಿಸುವುದು

ನಮ್ಮ ದೇಹದ ಒಳಗಿನ ಬಿಸಿ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರ್ ಶುರುವಾಗುವುದೇ 35ರಿಂದ, ಹಾಗಾಗಿ ಇಲ್ಲಿ ಅದನ್ನು ನಂಬಿ ಕೂಡುವಂತಿಲ್ಲ. ಅಂಗೈ ಹಿಂಭಾಗವನ್ನು ಅಂಗಿಯೊಳಗೆ ಹೊಟ್ಟೆಯ ಮೇಲಿಟ್ಟು ನೋಡಿ. ಕೈಕಾಲು ತಣ್ಣಗಿರುವುದು ಚಳಿಗಾಲದಲ್ಲಿ ಸಹಜ. ಹೊಟ್ಟೆಯೂ ತಣ್ಣಗಿದ್ದರೆ ಸಹಜವಲ್ಲ.

ಮೊದಲು ಗಡಗಡ ನಡುಕ ಬರುತ್ತದೆ. ಆಮೇಲೆ ಬೆರಳು ಹೇಳಿದ ಮಾತು ಕೇಳುವುದಿಲ್ಲ: ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ಬೀಡಿಗೆ ಕಡ್ಡಿ ಗೀರಲಾಗುವುದಿಲ್ಲ. ಮಾತು ತೊದಲುತ್ತದೆ, ನಡಿಗೆ ಓಲಾಡುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತದೆ. ‘ಕುಡಿದಾನ, ಮಲಗ್ಲಿ ಬಿಡ್ರಿ’ ಎಂದು ಜನ ಕೈಬಿಡುವುದು ಈ ಹೊತ್ತಿನಲ್ಲೇ. ನಿಜಕ್ಕೂ ಕುಡಿದಿದ್ದರೆ ಅಪಾಯ ಇನ್ನೂ ಹೆಚ್ಚು.

ಇದರ ಮುಂದಿನ ಹಂತದಲ್ಲಿ ನಡುಕ ನಿಂತುಬಿಡುತ್ತದೆ. ನೋಡಿದವರಿಗೆ ಚೇತರಿಸಿಕೊಂಡಂತೆ ಕಂಡರೂ ದೇಹ ಬಿಸಿ ಹುಟ್ಟಿಸುವ ಕೆಲಸವನ್ನೇ ನಿಲ್ಲಿಸಿದೆ ಎಂದರ್ಥ. ಮುದುಕರಲ್ಲಿ ಮೊದಲಿನಿಂದಲೂ ನಡುಕ ಕಾಣದೇ ಇರಬಹುದು.

ಉಪಚಾರ

1. ಗಾಳಿ ಬೀಸದ ಕಡೆಗೆ ಹುಷಾರಾಗಿ ಎತ್ತಿ ತನ್ನಿ. ನಡೆಸಬೇಡಿ, ಎಳೆದಾಡಬೇಡಿ, ತಣ್ಣಗಾದ ಹೃದಯದ ಬಡಿತ ಸಣ್ಣ ಅಲುಗಾಟಕ್ಕೂ ತಪ್ಪಬಹುದು. 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ.

2. ಒದ್ದೆ ಬಟ್ಟೆ ತೆಗೆಯಿರಿ, ಬೇಕಾದರೆ ಕತ್ತರಿಸಿ. ಮೈ ಒರೆಸಿ ಒಣ ಕೌದಿ, ಕಂಬಳಿ ಹೊದಿಸಿ. ಮೇಲೆ ಎಷ್ಟು ಹೊದಿಸಿದರೂ ಕೆಳಗೆ ಬರೀ ನೆಲವಿದ್ದರೆ ಉಪಯೋಗವಿಲ್ಲ. ಗೋಣಿಚೀಲ, ಕಣಕಿ, ಏನಾದರೂ ಹಾಸಿ. ತಲೆ, ಕಿವಿ ಮುಚ್ಚಲಿ.

3. ಎದೆ, ಕಂಕುಳು, ತೊಡೆಸಂದಿಗೆ ಮೊದಲು ಶಾಖ ಕೊಡಿ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಇಡಿ. ಬಾಟಲಿ ಇಲ್ಲದಿದ್ದರೆ ಒಂದೇ ಕೌದಿಯೊಳಗೆ ಒಬ್ಬರು ಮೈಗೆ ಮೈ ತಾಗಿಸಿ ಮಲಗಲಿ. ಕೈಕಾಲಿಗೆ ಮೊದಲೇ ಶಾಖ ಕೊಟ್ಟರೆ ಅಲ್ಲಿನ ತಣ್ಣನೆಯ ರಕ್ತ ಎದೆಗೆ ನುಗ್ಗುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

4. ಎಚ್ಚರವಿದ್ದು ನುಂಗಲು ಆಗುವುದಾದರೆ ಸಕ್ಕರೆ ಮುಂದಾದ ಚಹಾ, ಬೆಚ್ಚಗಿನ ಗಂಜಿ ಕೊಡಿ. ಸಾರಾಯಿ ಕೊಡಲೇಬೇಡಿ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಮೈ ಬೆಚ್ಚಗಾದಂತೆ ಅನಿಸುವುದು ಅದಕ್ಕೇ.

ಪ್ರಜ್ಞೆ ತಪ್ಪಿದ್ದರೆ ಉಸಿರು ತೀರಾ ನಿಧಾನವಾಗಿರಬಹುದು. ಒಂದು ನಿಮಿಷದವರೆಗೂ ಗಮನವಿಟ್ಟು ನೋಡಿ. ಉಸಿರೇ ಇಲ್ಲವಾದರೆ ಎದೆ ಒತ್ತುವುದನ್ನು ಶುರುಮಾಡಿ. ಮೈ ಸೆಟೆದು ತಣ್ಣಗಾಗಿದೆ ಎಂದು ನೀವೇ ‘ಹೋದರು’ ಎಂದು ತೀರ್ಮಾನಿಸಬೇಡಿ.

ಬೆರಳಿನ ತೊಂದರೆ

ಹಸಿಥಂಡಿಯಲ್ಲಿ ಕಾಲ್ಬೆರಳು ಕೆಂಪಾಗಿ ಊದಿ ತುರಿಸುವುದುಂಟು. ಮುಲಾಮಿಗಿಂತ ಒಣಗಿದ ಕಾಲುಚೀಲ ಮುಖ್ಯ. ಬೆಂಕಿಗೆ ಕಾಲು ಚಾಚಿ ಕೂತರೆ ಹೆಚ್ಚಾಗುತ್ತದೆ. ಮಾಂಸವೇ ಹೆಪ್ಪುಗಟ್ಟುವ ಹಿಮಗಾಯ ನಮ್ಮ ಕಡೆ ಆಗುವುದಿಲ್ಲ, ಅದಕ್ಕೆ ಸೊನ್ನೆಗಿಂತ ಕೆಳಗಿನ ಥಂಡಿ ಬೇಕು. ಕೇದಾರಕ್ಕೋ ಕಾಶ್ಮೀರಕ್ಕೋ ಹೋಗುವವರು ಮಾತ್ರ ನೆನಪಿಡಿ: ಬಿಳಿಚಿ ಮರಗಟ್ಟಿದ ಬೆರಳನ್ನು ತಿಕ್ಕಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ಸೇರಿದ ಮೇಲಷ್ಟೇ 37–39 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ.

ತಡೆಯುವುದು

ನೀರು ಬಿಡಲು ಹೋಗುವವರು ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ. ಒಂದೇ ದಪ್ಪ ಸ್ವೆಟರ್‌ಗಿಂತ ಎರಡು ಮೂರು ತೆಳು ಅಂಗಿ ಮೇಲು. ಹೊಟ್ಟೆ ತುಂಬ ರೊಟ್ಟಿ ಉಂಡೇ ಹೊರಡಿ, ಒಬ್ಬರೇ ಹೋಗಬೇಡಿ.

ಹುಟ್ಟಿದ ಕೂಸಿಗೆ ಕೂಡಲೇ ಎರೆಯುವ ರೂಢಿ ನಮ್ಮಲ್ಲಿನ್ನೂ ಇದೆ. 24 ಗಂಟೆ ಕಳೆಯುವವರೆಗೆ ಸ್ನಾನ ಬೇಡ. ಒರೆಸಿ, ಕುಂಚಿಗೆ ಕಟ್ಟಿ, ತಾಯಿಯ ಬರಿಯೆದೆಗೆ ಹಚ್ಚಿ ಮಲಗಿಸಿ. ಅದಕ್ಕಿಂತ ಒಳ್ಳೆಯ ಶಾಖ ಯಾವ ಕೆಂಡದಲ್ಲೂ ಇಲ್ಲ.

ಕೆಂಡದ ಮಾತು ಬಂತೆಂದು ಹೇಳುವುದು: ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟು, ಗಾಳಿ ಬರಬಾರದೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಇದ್ದಲಿಯಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಬೆಂಕಿ ಅಂಗಳದಲ್ಲೇ ಇರಲಿ. ಹಾಗೂ ಇಂಥ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಮಂಪರು ಕಂಡರೆ ಬಾಗಿಲು ತೆರೆದು ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಒಳಗೆ ಕೆಂಡವಿತ್ತು ಎಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಆಗ ತಡವಿಲ್ಲದೆ ಆಕ್ಸಿಜನ್ ಕೊಡುತ್ತಾರೆ.