ವಲೆನ್ಸಿಯಾದಲ್ಲಿ ಹತ್ತು ಜನಕ್ಕೆ ಬ್ರಂಚ್: ನಾನು ಜಾಗ ಆರಿಸಿದ ಬಗೆ

ಗುಂಪಿನಲ್ಲಿ ಹೋಗುವಾಗ ತಿನ್ನುವ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಂದರೆ ನಾನು ಮೊದಲು ನೋಡುವುದು ಮೆನು ಅಲ್ಲ, ಟೇಬಲ್. ಇಬ್ಬರಾದರೆ ಎಲ್ಲಿ ಬೇಕಾದರೂ ಕೂತು ತಿಂದು ಬರಬಹುದು. ಹತ್ತು ಜನ ಒಂದೇ ಕಡೆ ಕೂರಬೇಕು, ಈ ತುದಿಯ ಮಾತು ಆ ತುದಿಗೆ ಕೇಳಬೇಕು, ಮಕ್ಕಳು ಎದ್ದು ಓಡಾಡಿದರೆ ಯಾರೂ ಮುಖ ಸಿಂಡರಿಸಬಾರದು. ಇಷ್ಟು ಹಾಕಿದರೆ ಸಾಕು, ಊರಿನ ಅರ್ಧಕ್ಕರ್ಧ ಕೆಫೆಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ. ರುಚಿಯ ವಿಚಾರ ಉಳಿದವುಗಳಲ್ಲಿ ನೋಡಿಕೊಂಡರಾಯಿತು.

ಈ ಸಲ ಊರು ಸ್ಪೇನಿನ ವಲೆನ್ಸಿಯಾ. ಬೇಕಿದ್ದದ್ದು ಬ್ರಂಚ್, ಅಂದರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ನಡುವೆ ತಿನ್ನುವುದು. ನಾವು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದವರು, ಈಗ ಯುರೋಪಿನಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕು. ದೊಡ್ಡವರು ಎಂಟು, ಮಕ್ಕಳು ಇಬ್ಬರು. ಎಂಟರಲ್ಲಿ ಒಬ್ಬರು ಗೆಳತಿಯ ಅಮ್ಮ, ಧಾರವಾಡದಿಂದ ಮಗಳ ಮನೆಗೆ ಬಂದವರು. ನಮಗೆಲ್ಲ ಅವರು ಕಾಕು. ಕಾಕು ಮೊಟ್ಟೆ ಮುಟ್ಟುವುದಿಲ್ಲ. ಉಳಿದವರಲ್ಲಿ ಮೂವರು ಮೊಟ್ಟೆ ತಿನ್ನುವ ಸಸ್ಯಾಹಾರಿಗಳು, ನಾಲ್ವರಿಗೆ ಏನಾದರೂ ನಡೆಯುತ್ತದೆ.

ಮಾರ್ಚ್ ಕೊನೆಯ ವಾರಾಂತ್ಯ ಅಂತ ಗೊತ್ತಾಯಿತು. ಅದು ಒಳ್ಳೆಯದೇ ಆಯಿತು. ಮಾರ್ಚ್ 1ರಿಂದ 19ರವರೆಗೆ ಆ ಊರಲ್ಲಿ ಫಾಯಾಸ್ ಹಬ್ಬದ ಗದ್ದಲ. ದಿನಾ ಮಧ್ಯಾಹ್ನ 2 ಗಂಟೆಗೆ ಪುರಸಭೆ ಚೌಕದಲ್ಲಿ ಎದೆ ನಡುಗುವಂತೆ ಪಟಾಕಿ ಹೊಡೆಯುತ್ತಾರೆ. ಆ ದಿನಗಳಲ್ಲಿ ಪೇಟೆಯ ನಡುವೆ ಹತ್ತು ಜನಕ್ಕೆ ಟೇಬಲ್ ಕೇಳುವುದು ಸುಮ್ನೆ ಬಾಯಿ ನೋಯಿಸಿಕೊಂಡಂತೆ. ಹಬ್ಬ ಮುಗಿದ ಮೇಲೆ ಹೋದರೆ ಊರು ಉಸಿರು ಬಿಟ್ಟು ಕೂತಿರುತ್ತದೆ. ಇನ್ನೊಂದು ವಿಷಯ: ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಹಾಗಾಗಿ ಭಾನುವಾರದ ಟೇಬಲನ್ನು 10 ಗಂಟೆಗೆ ಕೇಳಲಿಲ್ಲ, 11 ಗಂಟೆಗೆ ಕೇಳಿದೆ.

ವಾಟ್ಸಾಪ್ ಗುಂಪಿನಲ್ಲಿ "ಎಲ್ಲಿ ಹೋಗೋಣ?" ಅಂತ ಮಾತ್ರ ನಾನು ಕೇಳುವುದಿಲ್ಲ. ಕೇಳಿದರೆ ಲಿಂಕುಗಳ ಸುರಿಮಳೆ, ಕೊನೆಗೆ ಯಾವುದೂ ಆಗುವುದಿಲ್ಲ. ನಾನು ಕೇಳಿದ್ದು ಇಷ್ಟೇ: ಏನು ತಿನ್ನಲ್ಲ, ಎಷ್ಟು ಹೊತ್ತು ಕ್ಯೂ ನಿಲ್ಲಬಲ್ಲಿರಿ, ಒಂದು ಹೊತ್ತಿಗೆ ತಲೆಗೆ ಎಷ್ಟು ಯೂರೋ ಆದರೆ ಕಣ್ಣು ಕೆಂಪಾಗಲ್ಲ. ಕ್ಯೂ ಪ್ರಶ್ನೆಗೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ ಬಂತು. ಮಕ್ಕಳಿದ್ದವರು "ನಿಲ್ಲೋದೇ ಇಲ್ಲ" ಅಂದರು. ಅಲ್ಲಿಗೆ ಬುಕಿಂಗ್ ತೆಗೆದುಕೊಳ್ಳದ ಕೆಫೆಗಳ ಕಥೆ ಮುಗಿಯಿತು.

ಇನ್ನು ಊರಿನ ಗಡಿಯಾರ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ 2 ಗಂಟೆಗೆ ಶುರು, 4ರವರೆಗೂ ನಡೆಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಒಂದು ಕಾಫಿ, ಬಿಸ್ಕತ್ತು, ಅಷ್ಟೇ. ನಡುವಿನ ಹಸಿವಿಗೆ ವಲೆನ್ಸಿಯಾದವರು ಒಂದು ಊಟವನ್ನೇ ಇಟ್ಟುಕೊಂಡಿದ್ದಾರೆ. ಸ್ಪ್ಯಾನಿಶ್‌ನಲ್ಲಿ ಅಲ್ಮುಯೆರ್ಸೊ ಅನ್ನುತ್ತಾರೆ, ಅಲ್ಲಿನ ಮಾತಿನಲ್ಲಿ ಎಸ್ಮೊರ್ಸಾರೆಟ್. ಹೊಲದಲ್ಲಿ, ಬಂದರಿನಲ್ಲಿ ನಸುಕಿನಿಂದ ದುಡಿದವರು ಕೂತು ತಿನ್ನುತ್ತಿದ್ದ ಹೊತ್ತು ಅದು. ಈಗ ಆಫೀಸಿನವರೂ, ಸೈಕಲ್ ತುಳಿದು ಬಂದವರೂ, ನಿವೃತ್ತರ ಗುಂಪುಗಳೂ 9:30ರಿಂದ 11:30ರವರೆಗೆ ಬಾರುಗಳನ್ನು ತುಂಬಿಬಿಡುತ್ತಾರೆ. ಬಾರು ಅಂದರೆ ನಮ್ಮ ಕಡೆಯ ಬಾರ್ ಅಲ್ಲ. ಅಜ್ಜಿ, ಮೊಮ್ಮಕ್ಕಳು ಎಲ್ಲ ಕೂರುವ ಜಾಗ. ಕಾಕುಗೆ ಇದನ್ನು ಮೊದಲೇ ಹೇಳಿಟ್ಟಿದ್ದೆ.

ಹೊತ್ತು ಸರಿಯಾಗಿ ಬ್ರಂಚಿನದು, ಉದ್ದ ಟೇಬಲ್ ಇರುತ್ತದೆ, ಗುಂಪಿನಲ್ಲಿ ಬರುವುದೇ ರೂಢಿ, ದುಡ್ಡೂ ಕಮ್ಮಿ. ಹಾಗಿರುವಾಗ ಲಂಡನ್‌ನಲ್ಲೂ ಬರ್ಲಿನ್‌ನಲ್ಲೂ ಸಿಗುವ ಅದೇ ಅವಕಾಡೊ ಟೋಸ್ಟಿಗೆ ಯಾಕೆ ಓಡಬೇಕು? ನನ್ನ ಲೆಕ್ಕ ಸರಳ. ಶನಿವಾರ ಊರಿನ ಅಲ್ಮುಯೆರ್ಸೊ, ಭಾನುವಾರ ನಿಧಾನದ ಬ್ರಂಚ್. ದಿನ ಅದಲುಬದಲು ಮಾಡುವಂತಿಲ್ಲ. ಇಂಥ ಹಳೇ ಬಾರುಗಳು ಭಾನುವಾರ ಬಹಳಷ್ಟು ಬಾಗಿಲು ಹಾಕಿರುತ್ತವೆ. ಸೆಂಟ್ರಲ್ ಮಾರ್ಕೆಟ್ಟೂ ಭಾನುವಾರ ಬಂದ್.

ಸೆಂಟ್ರಲ್ ಮಾರ್ಕೆಟ್ ಅಂದರೆ 1928ರಲ್ಲಿ ತೆರೆದ ದೊಡ್ಡ ಕಟ್ಟಡ. ಕಬ್ಬಿಣ, ಗಾಜು, ಬಣ್ಣದ ಹೆಂಚು, ಗೋಪುರದ ತುದಿಯಲ್ಲಿ ಗಾಳಿಗೆ ತಿರುಗುವ ಗಿಳಿ. ಅದರೊಳಗೆ ರಿಕಾರ್ಡ್ ಕಮರೇನಾ ಅನ್ನುವ ಹೆಸರಾಂತ ಶೆಫ್ ನಡೆಸುವ ಸೆಂಟ್ರಲ್ ಬಾರ್ ಇದೆ. ಎಲ್ಲ ಪಟ್ಟಿಗಳಲ್ಲೂ ಅದರ ಹೆಸರು ಬರುತ್ತದೆ. ತಿಂಡಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಕೂರುವುದು ಕೌಂಟರ್ ಸುತ್ತ ಎತ್ತರದ ಸ್ಟೂಲಿನ ಮೇಲೆ. ಇಬ್ಬರಿಗೆ ಹೇಳಿ ಮಾಡಿಸಿದ್ದು, ಹತ್ತು ಜನಕ್ಕೆ ಆಗುವುದಿಲ್ಲ. ಹಾಗಾಗಿ ಮಾರ್ಕೆಟ್ಟನ್ನು ತಿಂದಾದ ಮೇಲೆ ಸುತ್ತಲು ಇಟ್ಟುಕೊಂಡು, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾದಾ ಬಾರ್ ಹುಡುಕಿದೆ. ಮಾರ್ಕೆಟ್ ಮಧ್ಯಾಹ್ನ 3ಕ್ಕೆ ಮುಚ್ಚುತ್ತದೆ, ಆದ್ದರಿಂದ ತಿಂದು ಹೋದರೂ ಬೇಕಾದಷ್ಟು ಹೊತ್ತು ಸಿಗುತ್ತದೆ. ಎದುರಿಗೇ ಹಳೇ ರೇಷ್ಮೆ ವ್ಯಾಪಾರದ ಲೋಂಖಾ ಕಟ್ಟಡವೂ ಇದೆ.

ಹುಡುಕುವಾಗ ಮ್ಯಾಪಿನಲ್ಲಿ ತಟ್ಟೆಯ ಫೋಟೊ ನಾನು ನೋಡುವುದೇ ಇಲ್ಲ. ಜನ ಹಾಕಿದ ಫೋಟೊಗಳ ಹಿನ್ನೆಲೆ ನೋಡುತ್ತೇನೆ. ಟೇಬಲ್ ಜೋಡಿಸಿ ಕೂತವರಿದ್ದಾರಾ, ಮೂಲೆಯಲ್ಲಿ ಮಗುವಿನ ಎತ್ತರದ ಕುರ್ಚಿ ಕಾಣುತ್ತದಾ, ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಏನು ಬರೆದಿದ್ದಾರೆ. ಆ ಹಲಗೆಯನ್ನು ಹಿಗ್ಗಿಸಿ ಓದಿದರೆ ಸಸ್ಯಾಹಾರಿಗೆ ಏನು ಸಿಗುತ್ತದೆ ಅಂತ ಮನೆಯಲ್ಲೇ ಕೂತು ಗೊತ್ತಾಗುತ್ತದೆ. ಹೋದ ತಿಂಗಳ ಫೋಟೊ ಆಗಿರಬೇಕು ಅಷ್ಟೇ. ಹಳೆಯದನ್ನು ನಂಬುವ ಹಾಗಿಲ್ಲ.

ಆಮೇಲೆ ಫೋನು. ಇಂಥ ಬಾರುಗಳಿಗೆ ಆನ್‌ಲೈನ್ ಬುಕಿಂಗ್ ಇರುವುದು ಅಪರೂಪ. ಫೋನ್ ಮಾಡುವ ಹೊತ್ತೂ ಮುಖ್ಯ. 10 ಗಂಟೆಗೆ ಮಾಡಿದರೆ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ, 2 ಗಂಟೆಗೂ ಅದೇ ಪಾಡು. ನಾನು ಮಧ್ಯಾಹ್ನ 12ರ ಸುಮಾರಿಗೆ ಮಾಡುತ್ತೇನೆ. ನನ್ನ ಸ್ಪ್ಯಾನಿಶ್ ಸಂತೆಯಲ್ಲಿ ಚೌಕಾಸಿಗೆ ಆಗುವಷ್ಟು. "ಸೋಮೋಸ್ ದಿಯೆಸ್, ಕೊನ್ ದೋಸ್ ನಿನ್ಯೋಸ್": ನಾವು ಹತ್ತು ಜನ, ಇಬ್ಬರು ಮಕ್ಕಳು. ಆ ಕಡೆಯವರು ಒಂದು ಕ್ಷಣ ಸುಮ್ಮನಾಗಿ, ಯಾರನ್ನೋ ಕೂಗಿ ಕೇಳಿ, "ವಾಲೆ (ಸರಿ), 10 ಗಂಟೆಗೆ ಬನ್ನಿ" ಅಂದರು. ಕೆಲಸ ಆಯಿತು.

ಕಷ್ಟ ಇರುವುದು ತಟ್ಟೆಯಲ್ಲಿ. ಅಲ್ಮುಯೆರ್ಸೊ ಅಂದರೆ ಬೊಕಡಿಯೊ, ಮೊಳದುದ್ದದ ಗಟ್ಟಿ ಸಿಪ್ಪೆಯ ಬ್ರೆಡ್ಡಿನೊಳಗೆ ತುಂಬಿಸಿದ ಪದಾರ್ಥ. ಅದರಲ್ಲಿ ಮುಕ್ಕಾಲು ಪಾಲು ಮಾಂಸ. ಬ್ಲಾಂಕೊ ಇ ನೆಗ್ರೊ ಅಂದರೆ ಬಿಳಿ, ಕಪ್ಪು ಎರಡು ಬಗೆಯ ಹಂದಿ ಸಾಸೇಜು. ಚಿವಿತೊದಲ್ಲಿ ಮಾಂಸದ ಜೊತೆ ಬೇಕನ್, ಮೊಟ್ಟೆ ಎಲ್ಲ ಸೇರಿರುತ್ತದೆ. ಸಸ್ಯಾಹಾರಿಗೆ ಆಧಾರ ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟು, ತೋರ್ತಿಯಾ. ಮೂವರಿಗೆ ಅದು ಆಯಿತು. ಇನ್ನು "ಮಾಂಸ ಬೇಡ" ಅಂದರೆ ಅಲ್ಲಿ ಸಾಲದು. ಹಾಗಂದರೆ ಟ್ಯೂನಾ ಮೀನು ಬರಬಹುದು, ಹ್ಯಾಮಿನ, ಅಂದರೆ ಹಂದಿ ಮಾಂಸದ, ಚೂರೂ ಬರಬಹುದು. ಅವರ ಪ್ರಕಾರ ಅದೆಲ್ಲ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ಬಿಡಿಸಿ ಹೇಳಬೇಕು: ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್. ಸಿನ್ ಅಂದರೆ ಬಿಟ್ಟು, ಉಳಿದವು ಸಾಲಾಗಿ ಮಾಂಸ, ಮೀನು, ಹ್ಯಾಮ್, ಟ್ಯೂನಾ. ಇದನ್ನು ಸ್ಪ್ಯಾನಿಶ್‌ನಲ್ಲಿ ಒಂದು ಚೀಟಿಯಲ್ಲಿ ಬರೆದು ಎಲ್ಲರ ಫೋನಿಗೂ ಕಳಿಸಿದ್ದೆ.

ಕಾಕು ವಿಚಾರಕ್ಕೆ ನನಗೆ ನೆರವಾಗಿದ್ದು ಮೆನುವಿನಲ್ಲಿರುವ ಅಲರ್ಜಿಯ ಗುರುತುಗಳು. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ 14 ಬಗೆಯ ಅಲರ್ಜಿ ಪದಾರ್ಥಗಳು ಯಾವ ತಿಂಡಿಯಲ್ಲಿವೆ ಅಂತ ಹೋಟೆಲಿನವರು ಹೇಳಲೇಬೇಕು. 2014ರ ಡಿಸೆಂಬರಿನಿಂದ ಇದು ಜಾರಿಯಲ್ಲಿದೆ. ಆ 14ರಲ್ಲಿ ಮೊಟ್ಟೆ, ಹಾಲು, ಮೀನು ಇವೆ. "ಮೊಟ್ಟೆ ತಿನ್ನಲ್ಲ" ಅಂದರೆ ಅರ್ಧ ಕಿವಿಯಲ್ಲಿ ಕೇಳುವವರು, ಮೊಟ್ಟೆಯ ಗುರುತು ತೋರಿಸಿ ಕೇಳಿದರೆ ನೆಟ್ಟಗೆ ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಒಂದು ತೊಂದರೆ ಇದೆ. ಹಂದಿ ಕೊಬ್ಬು ಆ ಪಟ್ಟಿಯಲ್ಲಿಲ್ಲ. ಎನ್ಸೈಮಾದಾ ಅಂತ ಸುರುಳಿ ಸುತ್ತಿದ, ಮೇಲೆ ಸಕ್ಕರೆ ಪುಡಿ ಉದುರಿಸಿದ ಬನ್ನು ಬೇಕರಿಗಳಲ್ಲಿ ಕಾಣುತ್ತದೆ. ನೋಡಲು ಪಾಪದ್ದು. ಸಾಂಪ್ರದಾಯಿಕವಾಗಿ ಅದನ್ನು ಮಾಡುವುದೇ ಹಂದಿ ಕೊಬ್ಬಿನಲ್ಲಿ. ಸಿಹಿ ತಿಂಡಿ ಅಂತ ಸಸ್ಯಾಹಾರಿಗಳು ಕಣ್ಣು ಮುಚ್ಚಿಕೊಂಡು ತಿನ್ನುವಂತಿಲ್ಲ.

ಶನಿವಾರ ಬೆಳಗ್ಗೆ ನಾವು ಹೋದಾಗ ಟೇಬಲ್ ಸಿದ್ಧವಿತ್ತು. ಕೂತ ಕೂಡಲೇ, ಆರ್ಡರ್ ಕೊಡುವ ಮೊದಲೇ, ಮೂರು ತಟ್ಟೆ ಬಂದು ಕೂತವು: ಆಲಿವ್, ಉಪ್ಪಿನಲ್ಲಿ ನೆನೆಸಿದ ಮೆಣಸಿನಕಾಯಿ, ಸಿಪ್ಪೆ ಸಮೇತ ಹುರಿದ ಕಡಲೆಕಾಯಿ. ಕಡಲೆಕಾಯಿ ಆ ಸೀಮೆಯದೇ ತಳಿ, ನಡು ಸಣ್ಣಗೆ ಇರುತ್ತದೆ. ಇದೆಲ್ಲ ಅಲ್ಮುಯೆರ್ಸೊ ಬೆಲೆಯಲ್ಲೇ ಸೇರಿದ್ದು. ಕಾಕು ಒಂದು ಕಡಲೆಕಾಯಿ ಎತ್ತಿ, ಹೆಬ್ಬೆರಳಲ್ಲಿ ಪಟ್ ಅಂತ ಒಡೆದು, ವಾಸನೆ ನೋಡಿದರು.

"ಏನವಾ, ಇದು ನಮ್ಮ ಶೇಂಗಾ ಅಲ್ಲೇನು? ಈ ಮಂದಿ ಮುಂಜಾನೆದ್ದು ಶೇಂಗಾ ತಿಂತಾರೇನು?"

"ಹೌದ್ರಿ ಕಾಕು. ಸಿಪ್ಪಿ ಟೇಬಲ್ ಮ್ಯಾಲೇ ಬಿಡ್ರಿ, ಅವರೇ ತಗೀತಾರ."

ಅಲ್ಲಿಂದ ಮುಂದೆ ಅವರ ಚಿಂತೆ ನನಗಿರಲಿಲ್ಲ. ಅವರ ಪಾಲಿಗೆ ಹುರಿದ ಬದನೆಕಾಯಿ, ಕೆಂಪು ದಪ್ಪ ಮೆಣಸಿನಕಾಯಿ, ಮೇಲೆ ಆಲಿವ್ ಎಣ್ಣೆ ಸುರಿದ ಅರ್ಧ ಬೊಕಡಿಯೊ ಬಂತು. ಅರ್ಧ ಅಂತ ಕೇಳುವುದು ಜಾಣತನ. ಇಡೀ ಒಂದು ತಿಂದರೆ ರಾತ್ರಿಯವರೆಗೆ ಹಸಿವಾಗಲ್ಲ.

ಕೊನೆಗೆ ಕ್ರೆಮಾಯೆಟ್. ಚಿಕ್ಕ ಗಾಜಿನ ಲೋಟದಲ್ಲಿ ಬರುವ ಕಾಫಿ. ರಮ್ಮಿಗೆ ಸಕ್ಕರೆ, ನಿಂಬೆ ಸಿಪ್ಪೆ, ದಾಲ್ಚಿನ್ನಿ, ನಾಲ್ಕು ಕಾಫಿ ಬೀಜ ಹಾಕಿ ಬೆಂಕಿ ಹಚ್ಚಿ, ಆಮೇಲೆ ಮೇಲಿನಿಂದ ಗಟ್ಟಿ ಕಾಫಿ ಬಿಡುತ್ತಾರೆ. ಚೆನ್ನಾಗಿ ಮಾಡಿದರೆ ಲೋಟದಲ್ಲಿ ಪದರ ಪದರವಾಗಿ ನಿಲ್ಲುತ್ತದೆ: ಕೆಳಗೆ ತಿಳಿ ಕಂದು, ಮೇಲೆ ಕಪ್ಪು, ತುದಿಗೆ ನೊರೆ. ಬೆಂಕಿ ಹಚ್ಚಿದರೂ ರಮ್ ಪೂರ್ತಿ ಹೋಗುವುದಿಲ್ಲ ಅನ್ನುವುದು ಗೊತ್ತಿರಲಿ. ಕಾಕುಗೆ ಹಾಲಿನ ಕಾಫಿ ಹೇಳಿದೆವು.

ಬಿಲ್ ತಲೆಗೆ ಹತ್ತು ಯೂರೋ ಆಸುಪಾಸು, ಪಾನೀಯ, ಕಾಫಿ ಎಲ್ಲ ಸೇರಿ. ಹತ್ತು ಜನ ಹತ್ತು ಕಾರ್ಡ್ ಹಿಡಿದು ಕೌಂಟರ್ ಮುಂದೆ ನಿಲ್ಲುವುದು ನನಗೆ ಸುತಾರಾಂ ಇಷ್ಟವಿಲ್ಲ. ಒಬ್ಬರು ಕೊಡುವುದು, ಆ್ಯಪಿನಲ್ಲಿ ಬರೆದುಕೊಳ್ಳುವುದು, ಊರಿಗೆ ಹೋದ ಮೇಲೆ ತೀರಿಸುವುದು. ಟಿಪ್ಸ್ ಕಡ್ಡಾಯ ಅಲ್ಲ, ಚಿಲ್ಲರೆ ಬಿಟ್ಟರೆ ಸಾಕು. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಬೇಕು ಅಂತ 2022ರ ಕಾನೂನೇ ಇದೆ. ಆದರೆ ವಲೆನ್ಸಿಯಾದ ನೀರು ಗಡಸು, ನಮ್ಮವರೆಲ್ಲ ಬಾಟಲಿಯನ್ನೇ ತರಿಸಿದರು.

ಭಾನುವಾರಕ್ಕೆ ಹೆಚ್ಚು ಯೋಚಿಸಿದ್ದು ರುಸಾಫಾ ಬಗ್ಗೆ. ರೈಲು ನಿಲ್ದಾಣದ ಹಿಂದಿನ ಈ ಬಡಾವಣೆಯಲ್ಲಿ ಹೆಜ್ಜೆಗೊಂದು ಬ್ರಂಚ್ ಕೆಫೆ. ಕಾಫಿ ಚೆನ್ನಾಗಿರುತ್ತದೆ, ಕೇಕೂ ಚೆನ್ನಾಗಿರುತ್ತದೆ. ಇಬ್ಬರು ಮೂವರು ಹೋದರೆ ನಾನು ಕಣ್ಣು ಮುಚ್ಚಿ ಅಲ್ಲಿಗೇ ಕಳಿಸುತ್ತೇನೆ. ಹತ್ತು ಜನ ಹೋದರೆ ನಾಲ್ಕು, ನಾಲ್ಕು, ಎರಡು ಅಂತ ಹಂಚಿಹೋಗುತ್ತೇವೆ. ಅದಕ್ಕೆ ವಿಮಾನ ಹತ್ತಿ ಬರಬೇಕಿತ್ತಾ? ಪಟಕೋನಾ ಕಡಲ ತೀರದ ಲಾ ಮಾಸ್ ಬೊನೀತಾ ಅನ್ನುವ ಕೆಫೆ ಬೇಕು ಅಂತ ಇಬ್ಬರು ಪಟ್ಟು ಹಿಡಿದರು. ಬಿಳಿ ಗೋಡೆ, ಎದುರಿಗೆ ನೀಲಿ ಸಮುದ್ರ, ಆಸೆಯಾಗುವುದು ಸಹಜ. ಆದರೆ ಅವತ್ತೇ ಸಂಜೆ ಎಲ್ಲರಿಗೂ ವಿಮಾನ. ಸೂಟ್‌ಕೇಸ್ ಎಳೆದುಕೊಂಡು ಮರಳಿಗೆ ಹೋಗುವುದು ನನಗೆ ಒಪ್ಪಿಗೆ ಆಗಲಿಲ್ಲ. ಒಂದು ದಿನ ಜಾಸ್ತಿ ಇದ್ದಿದ್ದರೆ ನಾನೂ ಕೈ ಎತ್ತುತ್ತಿದ್ದೆ.

ನಾನು ಆರಿಸಿದ್ದು ಕೋಲೋನ್ ಮಾರ್ಕೆಟ್. 1916ರಲ್ಲಿ ಕಟ್ಟಿ ಮುಗಿಸಿದ ಹಳೇ ಮಾರುಕಟ್ಟೆ, ಇಟ್ಟಿಗೆ ಮತ್ತು ಬಣ್ಣದ ಚೂರುಗಳ ಕಮಾನು, ಮೇಲೆ ಕಬ್ಬಿಣದ ಎತ್ತರದ ಚಾವಣಿ. ಈಗ ಒಳಗೆಲ್ಲ ಕೆಫೆಗಳು. ಭಾನುವಾರವೂ ತೆರೆದಿರುತ್ತದೆ, ಮಳೆ ಬಂದರೂ ನೆನೆಯುವುದಿಲ್ಲ, ಟೇಬಲ್ ಜೋಡಿಸಲು ಜಾಗ ಧಾರಾಳ, ಮಕ್ಕಳು ಓಡಿದರೆ ಕಾರಿನ ಭಯ ಇಲ್ಲ. ಮೊಟ್ಟೆ ಬೇಕಾದವರು ಮೊಟ್ಟೆ ತರಿಸಿದರು. ಕಾಕುಗೆ ಟೊಮೆಟೊ ತುರಿದು ಎಣ್ಣೆ ಹಾಕಿದ ಟೋಸ್ಟು, ಕಿತ್ತಳೆ ರಸ, ಜೊತೆಗೆ ಓರ್ಚಾಟಾ. ಪಕ್ಕದೂರು ಅಲ್ಬೊರಾಯಾದ ಡೇನಿಯಲ್ ಅನ್ನುವ ಹಳೇ ಓರ್ಚಾಟಾ ಅಂಗಡಿಯ ಶಾಖೆ ಅಲ್ಲೇ ಇದೆ. ಓರ್ಚಾಟಾ ನೋಡಲು ಹಾಲಿನಂತೆ ಕಂಡರೂ ಅದರಲ್ಲಿ ಹಾಲಿಲ್ಲ. ಚೂಫಾ ಅನ್ನುವ ಸಣ್ಣ ಗಡ್ಡೆಯನ್ನು ನೆನೆಸಿ, ರುಬ್ಬಿ, ಸೋಸಿ, ಸಕ್ಕರೆ ಹಾಕಿ ತಣ್ಣಗೆ ಕೊಡುತ್ತಾರೆ. ನಮ್ಮ ಹೊಲಗಳಲ್ಲಿ ಕಿತ್ತಷ್ಟೂ ಹುಟ್ಟುವ ಜೇಕಿನ ಹತ್ತಿರದ ನೆಂಟ ಅದು. ಅದ್ದಿ ತಿನ್ನಲು ಫಾರ್ತೋನ್ ಅಂತ ಉದ್ದ ಮೆತ್ತನೆ ಬನ್ನು ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಕಾಕು ಪಾಲಿನದು ಮಕ್ಕಳಿಗೆ ಹೋಯಿತು.

ಕೋಲೋನ್ ಆರಿಸಲು ಇನ್ನೊಂದು ಕಾರಣ ಮೆಟ್ರೊ. ಅಲ್ಲಿಂದ ನಾಲ್ಕು ಹೆಜ್ಜೆಗೆ ಅದೇ ಹೆಸರಿನ ನಿಲ್ದಾಣ. 3 ಮತ್ತು 5ನೇ ಲೈನುಗಳು ಬದಲಾಯಿಸುವ ರಗಳೆ ಇಲ್ಲದೆ ನೇರ ವಿಮಾನ ನಿಲ್ದಾಣಕ್ಕೆ ಹೋಗುತ್ತವೆ, ಅರ್ಧ ಗಂಟೆಯೊಳಗೆ. ಡಬ್ಲಿನ್‌ನವರು ಮೊದಲು ಎದ್ದರು, ಮ್ಯೂನಿಕ್‌ನವರು ಇನ್ನೊಂದು ಕಾಫಿ ಹೇಳಿದರು. ಯಾರೂ ಯಾರಿಗಾಗಿಯೂ ಗಡಿಯಾರ ನೋಡುತ್ತಾ ಕೂರಬೇಕಾಗಲಿಲ್ಲ.